ತೆರೆಯದ ಚಿತ್ರಕಡತಗಳ ದುರಸ್ತಿ

ಕ್ಯಾಮರಾ, ಮೊಬೈಲ್ ಅಥವಾ ಸ್ಕ್ಯಾನರ್‌ನಲ್ಲಿ ದಾಖಲಾದ ಡಿಜಿಟಲ್ ಚಿತ್ರದ ಕಡತವು ಹಾಳಾಗಿ ಪರದೆಯ ಮೇಲೆ ತೆರೆಯದಿದ್ದಾಗ, ಅಥವಾ ಅರ್ಧ ಮಾತ್ರ ತೆರೆದಾಗ, ಅದರಲ್ಲಿ ಉಳಿದಿರುವ ಮಾಹಿತಿಯನ್ನು ಮತ್ತೆ ಕಾಣುವಂತೆ ಮಾಡುವ ಕ್ರಮಗಳಿಗೆ ಒಟ್ಟಾಗಿ ಚಿತ್ರಕಡತದ ದುರಸ್ತಿ ಎನ್ನುತ್ತಾರೆ. ಈ ಕ್ರಮಗಳು ಎರಡು ಬಗೆಯ ಕೆಲಸವನ್ನು ಮಾಡಬಲ್ಲವು. ಕಡತದಲ್ಲಿ ಉಳಿದಿರುವ ಬೈಟ್‌ಗಳನ್ನು ಓದಲು ಬರುವಂತೆ ಜೋಡಿಸುವುದು ಒಂದು. ಕಳೆದುಹೋದ ಭಾಗಕ್ಕೆ ಸಮನಾದುದು ಬೇರೆಲ್ಲಾದರೂ ಇದ್ದರೆ ಅದನ್ನು ತಂದು ಸೇರಿಸುವುದು ಇನ್ನೊಂದು. ಎಲ್ಲಿಯೂ ಉಳಿಯದ ಮಾಹಿತಿಯನ್ನು ಯಾವ ತಂತ್ರಾಂಶವೂ ಹುಟ್ಟಿಸಲಾರದು. ಇದನ್ನು ತಿಳಿಯದೆ ಹಣ ಮತ್ತು ಕಾಲ ಕಳೆದುಕೊಳ್ಳುವವರೇ ಹೆಚ್ಚು.

ಪಾಲ್ಕಿಗುಂಡಿನ ನಿದರ್ಶನ

ದುರಸ್ತಿಯ ಈ ತತ್ತ್ವ ಗಣಕಯಂತ್ರಕ್ಕಿಂತ ಬಹಳ ಹಳೆಯದು. ಕೊಪ್ಪಳ ಪಟ್ಟಣಕ್ಕೆ ಹೊಂದಿಕೊಂಡ ಗುಡ್ಡಗಳಲ್ಲಿ ಅಶೋಕನ ಎರಡು ಕಿರು ಬಂಡೆಶಾಸನಗಳಿವೆ. ಒಂದು ಗವಿಮಠದ ಬಳಿ ಇದೆ. ಇನ್ನೊಂದು ಪಲ್ಲಕ್ಕಿಯ ಆಕಾರದಲ್ಲಿ ಬಂಡೆ ನಿಂತಿರುವ ಪಾಲ್ಕಿಗುಂಡಿನಲ್ಲಿದೆ. ಇವು 1931ರಲ್ಲಿ ವಿದ್ವಾಂಸರ ಗಮನಕ್ಕೆ ಬಂದವು. ಭಾಷಾಶಾಸ್ತ್ರಜ್ಞ ಆರ್. ಎಲ್. ಟರ್ನರ್ ಸಿದ್ಧಪಡಿಸಿದ ಪಾಠವನ್ನು 1932ರಲ್ಲಿ ಹೈದರಾಬಾದ್ ಪುರಾತತ್ತ್ವ ಮಾಲೆಯಲ್ಲಿ ಪ್ರಕಟಿಸಲಾಯಿತು. ಗವಿಮಠದ ಶಾಸನ ಚೆನ್ನಾಗಿ ಉಳಿದಿದೆ. ಪಾಲ್ಕಿಗುಂಡಿನದು ಗಾಳಿಮಳೆಗೆ ಸವೆದು ಅಲ್ಲಲ್ಲಿ ಮಾತ್ರ ಅಕ್ಷರಗಳು ಕಾಣುತ್ತವೆ. ಹಾಗಿದ್ದೂ ಅದು ಯಾವ ಶಾಸನವೆಂದು ಹೇಳಲು ಸಾಧ್ಯವಾದದ್ದು, ಅದೇ ಪಾಠವು ಗವಿಮಠದಲ್ಲಿಯೂ ದೇಶದ ಇತರೆಡೆಗಳಲ್ಲಿಯೂ ಕೆತ್ತಲ್ಪಟ್ಟಿದ್ದರಿಂದ. ಉಳಿದ ಅಕ್ಷರಗಳು ತಮ್ಮ ಸ್ಥಾನವನ್ನು ತೋರಿಸುತ್ತವೆ. ನಡುವಿನ ತೆರಪನ್ನು ಸಮಾನ ಪಾಠ ತುಂಬುತ್ತದೆ. ಕೆಟ್ಟ ಚಿತ್ರಕಡತಕ್ಕೆ ಒಳ್ಳೆಯ ಕಡತವೊಂದರಿಂದ ಶಿರೋಭಾಗವನ್ನು ತಂದು ಕೂಡಿಸುವಾಗ ನಡೆಯುವುದು ಇದೇ ಕೆಲಸ.

ಕೊಪ್ಪಳ ಜಿಲ್ಲೆಯಲ್ಲಿ ಈ ವಿಷಯಕ್ಕೆ ಇನ್ನೊಂದು ಕಾರಣದಿಂದಲೂ ಮಹತ್ತ್ವವಿದೆ. ಗಂಗಾವತಿ ತಾಲೂಕಿನ ಹಿರೇಬೆಣಕಲ್‌ನ ಬೃಹತ್ ಶಿಲಾಸಮಾಧಿಗಳು, ಹಿಂದೆ ಯಲಬುರ್ಗಾ ತಾಲೂಕಿಗೆ ಸೇರಿದ್ದ ಇಟಗಿಯ ಮಹಾದೇವ ದೇವಾಲಯ, ಆನೆಗೊಂದಿಯ ಸ್ಮಾರಕಗಳು ಮುಂತಾದವನ್ನು ವಿದ್ಯಾರ್ಥಿಗಳೂ ಪ್ರವಾಸಿಗಳೂ ನಿತ್ಯ ಚಿತ್ರಿಸುತ್ತಾರೆ. ಅವುಗಳಲ್ಲಿ ಹೆಚ್ಚಿನವನ್ನು ಮತ್ತೊಮ್ಮೆ ಹೋಗಿ ತೆಗೆಯಬಹುದು, ಆದರೆ ಎಲ್ಲವನ್ನೂ ಅಲ್ಲ. ಆನೆಗೊಂದಿಯ ಬಳಿ ತುಂಗಭದ್ರೆಯ ನಡುಗಡ್ಡೆಯಲ್ಲಿರುವ ನವವೃಂದಾವನದಲ್ಲಿ ವ್ಯಾಸರಾಜರ ವೃಂದಾವನವನ್ನು 2019ರ ಜುಲೈನಲ್ಲಿ ದುಷ್ಕರ್ಮಿಗಳು ಕೆಡವಿದರು. ಕೆಲವೇ ದಿನಗಳಲ್ಲಿ ಅದನ್ನು ಮತ್ತೆ ಕಟ್ಟಲಾಯಿತು. ಅದಕ್ಕೂ ಮುಂಚಿನ ರೂಪವನ್ನು ಇಂದು ನೋಡಬೇಕೆಂದರೆ ಹಳೆಯ ಚಿತ್ರಗಳನ್ನೇ ನೋಡಬೇಕು. ತೀರಿಕೊಂಡವರ ಕೊನೆಯ ಫೋಟೊ, ಮದುವೆಯ ಫೋಟೊಗಳ ವಿಷಯವೂ ಇದೇ. ತೆರೆಯದ ಕಡತವನ್ನು ಅವಸರದಿಂದ ಅಳಿಸಿಹಾಕಬಾರದು ಎನ್ನುವುದು ಇದಕ್ಕಾಗಿ.

ಚಿತ್ರಕಡತದ ಒಳರಚನೆ

ಚಿತ್ರಕಡತವೆಂದರೆ 0ಯಿಂದ 255ರವರೆಗಿನ ಸಂಖ್ಯೆಗಳ ಉದ್ದನೆಯ ಸಾಲು. ಒಂದೊಂದು ಸಂಖ್ಯೆಯೂ ಒಂದು ಬೈಟ್. ಇಂದು ಕ್ಯಾಮರಾ ಮತ್ತು ಮೊಬೈಲ್‌ಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ರೂಪ ಜೆಪೆಗ್. ಇದರ ಮಾನಕ 1992ರಲ್ಲಿ ಅಂಗೀಕಾರವಾಯಿತು. ಪ್ರತಿಯೊಂದು ಜೆಪೆಗ್ ಕಡತವೂ 255, 216 ಎಂಬ ಎರಡು ಬೈಟ್‌ಗಳಿಂದ ಆರಂಭವಾಗಿ 255, 217ರಿಂದ ಮುಗಿಯುತ್ತದೆ. ಬೈಟ್‌ಗಳನ್ನು ತೋರಿಸುವ ತಂತ್ರಾಂಶಗಳು ಇವನ್ನು ಹದಿನಾರರ ಮೂಲಮಾನದಲ್ಲಿ ಎಫ್‌ಎಫ್ ಡಿ8 ಮತ್ತು ಎಫ್‌ಎಫ್ ಡಿ9 ಎಂದು ಬರೆಯುತ್ತವೆ.

ಈ ಎರಡು ಗುರುತುಗಳ ನಡುವೆ ಕಡತವನ್ನು ಎರಡು ಭಾಗವಾಗಿ ನೋಡಬಹುದು. ಮೊದಲನೆಯದು ಶಿರೋಭಾಗ. ಚಿತ್ರದ ಅಗಲ ಮತ್ತು ಎತ್ತರ, ತೆಗೆದ ದಿನ ಮತ್ತು ಕ್ಯಾಮರಾದ ಹೆಸರು ಇರುವ ಎಕ್ಸಿಫ್ ಮಾಹಿತಿ, ಅಂಚೆಚೀಟಿಯಷ್ಟು ಚಿಕ್ಕ ಕಿರುಚಿತ್ರ, ಮುಂದಿನ ಭಾಗವನ್ನು ಬಿಡಿಸಿ ಓದಲು ಬೇಕಾದ ಕೋಷ್ಟಕಗಳು ಇಲ್ಲಿರುತ್ತವೆ. ಎರಡನೆಯದು ಚಿತ್ರದ ನಿಜವಾದ ದತ್ತಾಂಶ. ಕಡತದ ಗಾತ್ರದ ಬಹುಪಾಲು ಇದೇ. ಶಿರೋಭಾಗ ಕೆಲವೇ ಸಾವಿರ ಬೈಟ್‌ಗಳಷ್ಟಿದ್ದರೂ ಬೀಗದ ಕೈ ಅದರಲ್ಲಿದೆ. ಅದು ಕೆಟ್ಟರೆ ಒಳಗಿನ ಚಿತ್ರ ಇಡಿಯಾಗಿ ಉಳಿದಿದ್ದರೂ ಕಡತ ತೆರೆಯದು. ಶಿರೋಭಾಗ ಉಳಿದು ದತ್ತಾಂಶ ನಡುವೆ ಕೆಟ್ಟರೆ ಕಡತ ತೆರೆಯುತ್ತದೆ, ಆದರೆ ಚಿತ್ರ ವಿರೂಪವಾಗಿ ಕಾಣುತ್ತದೆ.

ಆ ವಿರೂಪಕ್ಕೂ ಒಂದು ಕ್ರಮವಿದೆ. ಜೆಪೆಗ್ ಚಿತ್ರವನ್ನು ಉದ್ದಕ್ಕೂ ಅಡ್ಡಕ್ಕೂ 8 ಬಿಂದುಗಳ ಚೌಕಗಳಾಗಿ ವಿಭಾಗಿಸುತ್ತದೆ. ಪ್ರತಿ ಚೌಕದ ಸರಾಸರಿ ಹೊಳಪನ್ನು ನೇರವಾಗಿ ಬರೆಯದೆ, ಹಿಂದಿನ ಚೌಕಕ್ಕಿಂತ ಎಷ್ಟು ಹೆಚ್ಚು ಅಥವಾ ಕಡಿಮೆ ಎಂಬುದನ್ನಷ್ಟೇ ಬರೆಯುತ್ತದೆ. ಅಂಗಡಿಯ ಲೆಕ್ಕದಲ್ಲಿ ಹಿಂದಿನ ಬಾಕಿಯನ್ನು ಮುಂದಿನ ಪುಟಕ್ಕೆ ತರುವಾಗ ಒಂದು ಅಂಕಿ ತಪ್ಪಿದರೆ ಮುಂದಿನ ಎಲ್ಲ ಪುಟಗಳ ಬಾಕಿಯೂ ತಪ್ಪುವಂತೆ, ಒಂದು ಚೌಕದಲ್ಲಿ ಆದ ಹಾನಿ ಅಲ್ಲಿಂದ ಕೆಳಗಿನ ಎಲ್ಲ ಚೌಕಗಳ ಬಣ್ಣವನ್ನೂ ಬದಲಿಸುತ್ತದೆ. ಕುಷ್ಟಗಿ ಸೀಮೆಯ ಮನೆಗಳಲ್ಲಿ ಉಡುವ ಇಳಕಲ್ ಸೀರೆಯ ಚಿತ್ರವೊಂದು ಹೀಗೆ ಕೆಟ್ಟರೆ ಕೆಂಪು ಸೆರಗಿನ ಮೇಲರ್ಧ ಸರಿಯಾಗಿದ್ದು ಕೆಳಗರ್ಧ ಹಸಿರಾಗಿಯೋ ನೇರಳೆಯಾಗಿಯೋ ಕಾಣಬಹುದು, ಜೊತೆಗೆ ಆ ಕೆಳಭಾಗ ಪಕ್ಕಕ್ಕೆ ಸರಿದಿರಬಹುದು. ಇಂತಹ ಚಿತ್ರದ ಕೆಳಭಾಗ ನಾಶವಾಗಿಲ್ಲ, ಅದರ ಲೆಕ್ಕ ಮಾತ್ರ ತಪ್ಪಿದೆ. ಇದಕ್ಕೆ ಬದಲಾಗಿ ಕೆಳಭಾಗ ಒಂದೇ ಸಮನೆ ಬೂದುಬಣ್ಣವಾಗಿದ್ದರೆ ದತ್ತಾಂಶ ಅಲ್ಲಿಗೆ ತುಂಡಾಗಿದೆ ಎಂದರ್ಥ. ಕಣ್ಣಿಗೆ ಎರಡೂ ಹಾಳಾದ ಚಿತ್ರಗಳೇ ಆದರೂ ಮೊದಲನೆಯದಕ್ಕೆ ಚಿಕಿತ್ಸೆಯಿದೆ, ಎರಡನೆಯದಕ್ಕೆ ಆ ಕಡತದೊಳಗೆ ಇಲ್ಲ.

ಕೆಡಲು ಕಾರಣಗಳು

ನಕಲು ಮುಗಿಯುವ ಮುನ್ನವೇ ಮೆಮೊರಿ ಕಾರ್ಡ್ ಅಥವಾ ಪೆನ್‌ಡ್ರೈವನ್ನು ಎಳೆದು ತೆಗೆಯುವುದು ಅತಿ ಸಾಮಾನ್ಯ ಕಾರಣ. ಪರದೆಯ ಮೇಲೆ ನಕಲು ಪೂರ್ಣಗೊಂಡಂತೆ ಕಂಡರೂ ಗಣಕಯಂತ್ರವು ಕೆಲವು ಭಾಗವನ್ನು ತನ್ನ ನೆನಪಿನಲ್ಲಿಟ್ಟುಕೊಂಡು ನಿಧಾನವಾಗಿ ಬರೆಯುತ್ತಿರಬಹುದು. ಆದ್ದರಿಂದಲೇ ತೆಗೆಯುವ ಮೊದಲು ಇಜೆಕ್ಟ್ ಆಜ್ಞೆ ಕೊಡಬೇಕು. ಬರೆಯುತ್ತಿರುವಾಗ ವಿದ್ಯುತ್ ಹೋಗುವುದು, ಕ್ಯಾಮರಾದ ಬ್ಯಾಟರಿ ಮುಗಿಯುವುದು, ಕಾರ್ಡ್ ಹಳತಾಗಿ ಕೆಲವು ಭಾಗ ಓದಲಾಗದಂತಾಗುವುದು, ಅಂತರ್ಜಾಲದಿಂದ ಇಳಿಸಿಕೊಳ್ಳುವಾಗ ಸಂಪರ್ಕ ಕಡಿಯುವುದು ಇತರ ಕಾರಣಗಳು. ಅಗ್ಗದ ನಕಲಿ ಕಾರ್ಡ್‌ಗಳು ತಮ್ಮ ನಿಜವಾದ ಸಾಮರ್ಥ್ಯಕ್ಕಿಂತ ಹೆಚ್ಚಿನದನ್ನು ತೋರಿಸಿಕೊಳ್ಳುತ್ತವೆ. ಅವು ತುಂಬಿದ ಬಳಿಕ ತೆಗೆದ ಚಿತ್ರಗಳು ಹೆಸರಿಗೆ ಮಾತ್ರ ಉಳಿಯುತ್ತವೆ.

ಕೆಟ್ಟಿದೆ ಎನ್ನಲಾಗುವ ಕಡತಗಳಲ್ಲಿ ಕೆಲವು ಕೆಟ್ಟೇ ಇರುವುದಿಲ್ಲ. ಐಫೋನ್‌ಗಳು 2017ರಿಂದ ಹೈಕ್ ಎಂಬ ರೂಪದಲ್ಲಿ ಚಿತ್ರಗಳನ್ನು ಉಳಿಸುತ್ತಿವೆ. ಹಳೆಯ ಗಣಕಯಂತ್ರಗಳಿಗೆ ಅದನ್ನು ಓದಲು ಬಾರದು. ಯಾರೋ ಕಡತದ ಹೆಸರಿನ ಕೊನೆಯಲ್ಲಿ ಜೆಪಿಜಿ ಎಂದು ತಿದ್ದಿದ ಮಾತ್ರಕ್ಕೆ ಅದು ಜೆಪೆಗ್ ಆಗುವುದಿಲ್ಲ. ಜಾಲತಾಣಗಳಿಂದ ಉಳಿಸಿಕೊಂಡ ವೆಬ್‌ಪಿ ಚಿತ್ರಗಳದ್ದೂ ಇದೇ ಕಥೆ.

ಮೊದಲ ಪರೀಕ್ಷೆ

ದುರಸ್ತಿಗೆ ಕೈ ಹಾಕುವ ಮೊದಲು ಕೆಟ್ಟ ಕಡತದ ಪ್ರತಿಯೊಂದನ್ನು ಮಾಡಿಕೊಂಡು ಆ ಪ್ರತಿಯ ಮೇಲೆ ಮಾತ್ರ ಪ್ರಯೋಗ ಮಾಡಬೇಕು. ಮೂಲವನ್ನು ಮುಟ್ಟಬಾರದು. ಆಮೇಲೆ ನೋಡಬೇಕಾದದ್ದು ಕಡತದ ಗಾತ್ರ. ಅದು ಸೊನ್ನೆ ಎಂದಿದ್ದರೆ ಆ ಕಡತದಲ್ಲಿ ಹುಡುಕಲು ಏನೂ ಇಲ್ಲ. ಚಿತ್ರ ತೆಗೆದ ಕಾರ್ಡಿಗೆ ಮರಳಬೇಕು. ಅದೇ ಕ್ಯಾಮರಾದ ಇತರ ಚಿತ್ರಗಳು 4 ಎಂಬಿ ಇದ್ದು ಇದೊಂದು 1 ಎಂಬಿ ಇದ್ದರೆ ನಕಲು ನಡುವೆ ನಿಂತಿರುವ ಸಾಧ್ಯತೆ ಹೆಚ್ಚು.

ಬಳಿಕ ಕಡತವನ್ನು ಬೇರೆ ಬೇರೆ ತಂತ್ರಾಂಶಗಳಲ್ಲಿ ತೆರೆದು ನೋಡಬೇಕು. ಎಲ್ಲ ತಂತ್ರಾಂಶಗಳೂ ಒಂದೇ ಬಗೆಯಲ್ಲಿ ಕಟ್ಟುನಿಟ್ಟಾಗಿರುವುದಿಲ್ಲ. ಒಂದು ತಪ್ಪು ಕಂಡ ಕೂಡಲೇ ಕೆಲವು ನಿರಾಕರಿಸುತ್ತವೆ. ಫೈರ್‌ಫಾಕ್ಸ್, ಕ್ರೋಮ್‌ನಂತಹ ಬ್ರೌಸರ್‌ಗಳು, ಉಚಿತವಾಗಿ ದೊರೆಯುವ ಗಿಂಪ್ ಮತ್ತು ಇರ್ಫಾನ್‌ವ್ಯೂ ಓದಿದಷ್ಟನ್ನು ತೋರಿಸುವ ಸ್ವಭಾವದವು. ಹೀಗೆ ತೆರೆದ ಚಿತ್ರವನ್ನು ಹೊಸ ಹೆಸರಿನಲ್ಲಿ ಉಳಿಸಿಕೊಂಡರೆ ಹಲವು ಬಾರಿ ಕೆಲಸ ಅಲ್ಲಿಗೇ ಮುಗಿಯುತ್ತದೆ.

ಎಲ್ಲಿಯೂ ತೆರೆಯದಿದ್ದರೆ ಎಚ್‌ಎಕ್ಸ್‌ಡಿಯಂತಹ ಬೈಟ್ ಸಂಪಾದಕದಲ್ಲಿ ಕಡತದ ಆರಂಭವನ್ನು ನೋಡಬೇಕು. ಎಫ್‌ಎಫ್ ಡಿ8 ಇದ್ದು, ಪಕ್ಕದ ಅಕ್ಷರಗಳ ಅಂಕಣದಲ್ಲಿ ಜೆಎಫ್‌ಐಎಫ್ ಅಥವಾ ಎಕ್ಸಿಫ್ ಎಂಬುದು ಕಂಡರೆ ಅದು ಜೆಪೆಗ್. ಶಿರೋಭಾಗದ ಆರಂಭವಾದರೂ ಉಳಿದಿದೆ. ರಿಫ್ ಎಂದು ಆರಂಭವಾಗಿ ಸ್ವಲ್ಪ ಮುಂದೆ ವೆಬ್‌ಪಿ ಎಂದಿದ್ದರೆ ಕಡತದ ಹೆಸರಿನ ಕೊನೆಯನ್ನು ಸರಿಪಡಿಸಿದರೆ ಸಾಕು. ಉದ್ದಕ್ಕೂ ಬರೀ ಸೊನ್ನೆಗಳೇ ಇದ್ದರೆ ಗಾತ್ರ ಎಷ್ಟಿದ್ದರೂ ಅದು ಖಾಲಿ ಡಬ್ಬಿ. ಆರಂಭದಿಂದ ಕೊನೆಯವರೆಗೆ ಯಾವ ಗುರುತೂ ಇಲ್ಲದ ಕಲಸುಮೇಲೋಗರವಿದ್ದು, ಅದೇ ಫೋಲ್ಡರಿನ ಎಲ್ಲ ಕಡತಗಳ ಹೆಸರಿನ ಕೊನೆಗೂ ವಿಚಿತ್ರ ಅಕ್ಷರಗಳು ಸೇರಿಕೊಂಡಿದ್ದರೆ ಅದು ಸುಲಿಗೆ ಕುತಂತ್ರಾಂಶದ ಕೆಲಸವಾಗಿರಬಹುದು. ಆಗ ಚಿತ್ರದುರಸ್ತಿಯ ಉಪಾಯಗಳು ಉಪಯೋಗಕ್ಕೆ ಬಾರವು. ಯುರೋಪೋಲ್ ಮತ್ತಿತರ ಸಂಸ್ಥೆಗಳು 2016ರಲ್ಲಿ ಆರಂಭಿಸಿದ ನೋ ಮೋರ್ ರ್‍ಯಾನ್ಸಮ್ ತಾಣದಲ್ಲಿ ಕೆಲವು ಬಗೆಯ ಬೀಗಗಳಿಗೆ ಉಚಿತ ಕೀಲಿಗಳು ದೊರೆಯುತ್ತವೆ.

ಕಾರ್ಡಿನಿಂದ ಮರಳಿ ಪಡೆಯುವುದು

ಕಂಪ್ಯೂಟರಿಗೆ ನಕಲಾದ ಕಡತ ಕೆಟ್ಟಿದ್ದರೂ ಮೂಲ ಕಾರ್ಡಿನಲ್ಲಿ ಚಿತ್ರ ಸುಸ್ಥಿತಿಯಲ್ಲಿರಬಹುದು. ಕಾರ್ಡಿನಿಂದ ಅಳಿಸಿದ್ದರೂ ಆಸೆ ಬಿಡಬೇಕಾಗಿಲ್ಲ. ಅಳಿಸಿದಾಗ ಸಾಮಾನ್ಯವಾಗಿ ಕಾರ್ಡಿನ ಪಟ್ಟಿಯಲ್ಲಿ ಆ ಕಡತದ ಜಾಗ ಖಾಲಿಯೆಂದು ಗುರುತಾಗುತ್ತದೆಯೇ ಹೊರತು ಬೈಟ್‌ಗಳು ಕೂಡಲೇ ಅಳಿಯುವುದಿಲ್ಲ. ಹೊಸ ಚಿತ್ರವೊಂದು ಅದೇ ಜಾಗದಲ್ಲಿ ಬರೆಯಲ್ಪಡುವವರೆಗೆ ಅವು ಉಳಿದಿರುತ್ತವೆ. ಆದ್ದರಿಂದ ತಪ್ಪು ತಿಳಿದ ಕ್ಷಣದಿಂದ ಆ ಕಾರ್ಡಿನಲ್ಲಿ ಒಂದೇ ಒಂದು ಚಿತ್ರವನ್ನೂ ತೆಗೆಯಬಾರದು. ಬದಿಯಲ್ಲಿ ಬರೆಯದಂತೆ ತಡೆಯುವ ಚಿಕ್ಕ ಗುಂಡಿ ಇದ್ದರೆ ಅದನ್ನು ಸರಿಸಿಡಬೇಕು.

ಕ್ರಿಸ್ತೋಫ್ ಗ್ರೆನಿಯೆ ರಚಿಸಿದ ಫೋಟೊರೆಕ್ ಎಂಬ ಮುಕ್ತ ತಂತ್ರಾಂಶ ಈ ಕೆಲಸಕ್ಕೆ ಹೆಸರಾಗಿದೆ. ಅದು ಕಾರ್ಡಿನ ಪಟ್ಟಿಯನ್ನು ನಂಬದೆ ಒಂದೊಂದು ಭಾಗವನ್ನೂ ಓದುತ್ತಾ ಎಫ್‌ಎಫ್ ಡಿ8ರಂತಹ ಆರಂಭದ ಗುರುತುಗಳನ್ನು ಹುಡುಕಿ ಚಿತ್ರಗಳನ್ನು ಹೊರತೆಗೆಯುತ್ತದೆ. ಹೆಸರುಗಳು ಉಳಿಯುವುದಿಲ್ಲ, ಒಂದೇ ಚಿತ್ರ ಕಾರ್ಡಿನ ಎರಡು ಕಡೆ ತುಂಡಾಗಿ ಬರೆಯಲ್ಪಟ್ಟಿದ್ದರೆ ಮೊದಲ ತುಂಡು ಮಾತ್ರ ಸಿಗಬಹುದು. ಹೊರತೆಗೆದ ಚಿತ್ರಗಳನ್ನು ಅದೇ ಕಾರ್ಡಿನಲ್ಲಿ ಎಂದಿಗೂ ಉಳಿಸಬಾರದು. ಕಾರ್ಡ್ ಓದುವಾಗ ತಡವರಿಸುತ್ತಿದ್ದರೆ ಡಿಡಿರೆಸ್ಕ್ಯೂನಂತಹ ತಂತ್ರಾಂಶದಿಂದ ಮೊದಲು ಇಡೀ ಕಾರ್ಡಿನ ಪ್ರತಿಬಿಂಬವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಆ ಪ್ರತಿಬಿಂಬದಲ್ಲಿ ಹುಡುಕುವುದು ಲೇಸು. ಪ್ರತಿ ಓದಿಗೂ ಸಾಯುತ್ತಿರುವ ಕಾರ್ಡ್ ಇನ್ನಷ್ಟು ಕೆಡಬಹುದು.

ವಿಂಡೋಸ್ ಕೆಲವೊಮ್ಮೆ ಕಾರ್ಡನ್ನು ಸರಿಪಡಿಸುವುದಾಗಿ ಕೇಳುತ್ತದೆ. ಚಿತ್ರಗಳನ್ನು ಹೊರತೆಗೆಯುವ ಮೊದಲು ಅದಕ್ಕೆ ಒಪ್ಪಬಾರದು. ಈಗಾಗಲೇ ಒಪ್ಪಿದ್ದರೆ ಕಾರ್ಡಿನಲ್ಲಿ ಫೌಂಡ್ ಎಂದು ಆರಂಭವಾಗುವ ಮರೆಮಾಡಿದ ಫೋಲ್ಡರ್ ಇದೆಯೇ ನೋಡಬೇಕು. ಅದರಲ್ಲಿ ಸಿಎಚ್‌ಕೆ ಎಂದು ಮುಗಿಯುವ ಕಡತಗಳಲ್ಲಿ ಎಷ್ಟೋ ಬಾರಿ ಚಿತ್ರಗಳೇ ಇರುತ್ತವೆ.

ಮೊಬೈಲಿನ ಒಳಸಂಗ್ರಹದಲ್ಲಿ ಈ ಉಪಾಯ ನಡೆಯದು. ಇಂದಿನ ಫೋನ್‌ಗಳು ಮಾಹಿತಿಯನ್ನು ಗೂಢಲಿಪಿಯಲ್ಲಿಡುತ್ತವೆ, ಅಳಿಸಿದ ಜಾಗವನ್ನು ಬೇಗನೆ ತೆರವುಗೊಳಿಸುತ್ತವೆ. ಅಲ್ಲಿ ಗ್ಯಾಲರಿಯ ಕಸದಬುಟ್ಟಿ, ಅಂತರ್ಜಾಲದ ಸಂಗ್ರಹ ಹಾಗೂ ಹಿಂದೆ ಯಾರಿಗಾದರೂ ಕಳುಹಿಸಿದ ಪ್ರತಿಗಳನ್ನು ಹುಡುಕಬೇಕು. ವಾಟ್ಸಾಪ್‌ನಲ್ಲಿ ಸಾಮಾನ್ಯವಾಗಿ ಕಳುಹಿಸಿದ ಚಿತ್ರದ ಗಾತ್ರ ಕುಗ್ಗಿರುತ್ತದೆ, ಎಕ್ಸಿಫ್ ಮಾಹಿತಿಯೂ ಹೋಗಿರುತ್ತದೆ. ಆದರೂ ಬಂಧುವೊಬ್ಬರ ಫೋನಿನಲ್ಲಿ ಉಳಿದ ಪ್ರತಿ ಎಷ್ಟೋ ದುರಸ್ತಿಗಳಿಗಿಂತ ಉತ್ತಮ.

ಶಿರೋಭಾಗದ ಕಸಿ

ದತ್ತಾಂಶ ಉಳಿದು ಶಿರೋಭಾಗ ಮಾತ್ರ ಕೆಟ್ಟ ಜೆಪೆಗ್‌ಗೆ ಇದು ಮುಖ್ಯ ಚಿಕಿತ್ಸೆ. ಇದಕ್ಕೆ ಅದೇ ಕ್ಯಾಮರಾದಲ್ಲಿ, ಅದೇ ಅಳತೆ ಮತ್ತು ಅದೇ ಗುಣಮಟ್ಟದಲ್ಲಿ, ಕ್ಯಾಮರಾವನ್ನು ಅದೇ ರೀತಿ ಅಡ್ಡ ಅಥವಾ ಉದ್ದ ಹಿಡಿದು ತೆಗೆದ ಒಳ್ಳೆಯ ಚಿತ್ರವೊಂದು ಬೇಕು. ಇಟಗಿಯ ದೇವಾಲಯದ ಸುತ್ತ ತೆಗೆದ ನಲವತ್ತು ಚಿತ್ರಗಳಲ್ಲಿ ಎರಡು ಕೆಟ್ಟಿದ್ದರೆ ಉಳಿದ ಮೂವತ್ತೆಂಟರಲ್ಲಿ ಯಾವುದಾದರೂ ಒಂದು ಇದಕ್ಕೆ ಒದಗುತ್ತದೆ. ಗವಿಮಠದ ಶಾಸನವು ಪಾಲ್ಕಿಗುಂಡಿಗೆ ಒದಗಿದ್ದು ಹೀಗೆಯೇ. ಕೆಟ್ಟದ್ದು ಒಂದೇ, ಜೊತೆಯ ಚಿತ್ರಗಳೂ ಇಲ್ಲವೆಂದಾದರೆ, ಆ ಕ್ಯಾಮರಾ ಕೈಯಲ್ಲಿದ್ದರೆ ಅದೇ ಹೊಂದಿಕೆಯಲ್ಲಿ ಹೊಸ ಚಿತ್ರವೊಂದನ್ನು ತೆಗೆದುಕೊಳ್ಳಬಹುದು. ಏನನ್ನು ತೆಗೆದರೂ ಆದೀತು; ಬೇಕಾದದ್ದು ಅದರ ತಲೆ ಮಾತ್ರ.

ದತ್ತಾಂಶ ಆರಂಭವಾಗುವ ಸ್ಥಳಕ್ಕೆ 255, 218, ಅಂದರೆ ಎಫ್‌ಎಫ್ ಡಿಎ ಎಂಬ ಗುರುತಿದೆ. ಸಾಮಾನ್ಯ ಬಣ್ಣದ ಚಿತ್ರದಲ್ಲಿ ಈ ಗುರುತೂ ಸೇರಿ 14 ಬೈಟ್‌ಗಳು ಕಳೆದ ಮೇಲೆ ಚಿತ್ರದ ದತ್ತಾಂಶ ತೊಡಗುತ್ತದೆ. ಒಳ್ಳೆಯ ಕಡತದ ಆರಂಭದಿಂದ ಈ 14 ಬೈಟ್‌ಗಳ ಕೊನೆಯವರೆಗಿನ ಭಾಗವನ್ನು ನಕಲು ಮಾಡಿ, ಕೆಟ್ಟ ಕಡತದಲ್ಲಿ ಅದೇ ಸ್ಥಾನದವರೆಗಿನ ಭಾಗವನ್ನು ತೆಗೆದುಹಾಕಿ, ಅದರ ಜಾಗದಲ್ಲಿ ಇದನ್ನು ಸೇರಿಸಿ ಹೊಸ ಹೆಸರಿನಲ್ಲಿ ಉಳಿಸಬೇಕು.

ಹೊಸಬರು ಎಡವುವ ಸ್ಥಳ ಒಂದಿದೆ. ಶಿರೋಭಾಗದೊಳಗಿನ ಕಿರುಚಿತ್ರವೂ ಒಂದು ಪೂರ್ಣ ಜೆಪೆಗ್ ಆದ್ದರಿಂದ ಅದಕ್ಕೂ ತನ್ನದೇ ಆರಂಭ, ತನ್ನದೇ ಎಫ್‌ಎಫ್ ಡಿಎ, ತನ್ನದೇ ಅಂತ್ಯವಿದೆ. ಹುಡುಕಿದಾಗ ಮೊದಲು ಸಿಗುವುದು ಬಹುಮಟ್ಟಿಗೆ ಕಿರುಚಿತ್ರದ ಗುರುತು. ಅಲ್ಲಿ ಕತ್ತರಿಸಿದರೆ ಕಸಿ ಕೂಡದು. ಕಿರುಚಿತ್ರದ ಎಫ್‌ಎಫ್ ಡಿ9 ಕಳೆದ ಮೇಲೆ ಬರುವ ಎಫ್‌ಎಫ್ ಡಿಎ ನಿಜವಾದದ್ದು. ದತ್ತಾಂಶದ ನಡುವೆ 255 ಎಂಬ ಬೈಟ್ ಬಂದಾಗಲೆಲ್ಲ ಅದರ ಮುಂದೆ ಸೊನ್ನೆಯೊಂದನ್ನು ಇಡುವ ನಿಯಮ ಜೆಪೆಗ್‌ನಲ್ಲಿದೆ; ಹೀಗಾಗಿ ದತ್ತಾಂಶವನ್ನು ಗುರುತೆಂದು ತಪ್ಪಾಗಿ ತಿಳಿಯುವ ಭಯವಿಲ್ಲ.

ಕಸಿ ಕೂಡಿದರೆ ಚಿತ್ರ ತೆರೆಯುತ್ತದೆ, ಆದರೆ ತೆಗೆದ ದಿನ ಮತ್ತು ಸಮಯ ದಾನಿ ಚಿತ್ರದ್ದಾಗಿರುತ್ತದೆ. ಕಿರುಚಿತ್ರವೂ ಅದರದ್ದೇ. ಫೋಲ್ಡರಿನಲ್ಲಿ ಒಂದು ಚಿತ್ರ, ತೆರೆದಾಗ ಇನ್ನೊಂದು ಕಂಡು ಗಾಬರಿಯಾಗುವುದು ಇದರಿಂದ. ಚಿತ್ರವು ಮಂಕಾಗಿಯೋ ಅತಿ ಗಾಢವಾಗಿಯೋ ಕಂಡರೆ ಎರಡು ಚಿತ್ರಗಳ ಸಂಕುಚನದ ಕೋಷ್ಟಕಗಳು ಬೇರೆಯಾಗಿವೆ ಎಂದರ್ಥ. ಬೇರೆ ದಾನಿಯನ್ನು ಹುಡುಕಬೇಕು. ಮೊಬೈಲ್‌ಗಳಲ್ಲಿ ಕೆಲವು ಪ್ರತಿ ಚಿತ್ರಕ್ಕೂ ಪ್ರತ್ಯೇಕ ಕೋಷ್ಟಕಗಳನ್ನು ಬರೆಯುವುದರಿಂದ ಅವುಗಳ ಚಿತ್ರಗಳಿಗೆ ಈ ವಿಧಾನ ಕ್ಯಾಮರಾ ಚಿತ್ರಗಳಷ್ಟು ಒಗ್ಗದು.

ಬಣ್ಣ ಬದಲಾಗಿ ಪಕ್ಕಕ್ಕೆ ಸರಿದ ಚಿತ್ರಗಳಲ್ಲಿ ಹಾನಿಯಾದ ಜಾಗದಲ್ಲಿ ಕೆಲವು ಬೈಟ್‌ಗಳನ್ನು ಸೇರಿಸಿ ಅಥವಾ ತೆಗೆದು ಲೆಕ್ಕವನ್ನು ಹಳಿಗೆ ತರಬಹುದು. ತಾಳ್ಮೆ ಬೇಡುವ ಕೆಲಸ. ಕೆಲವು ಕ್ಯಾಮರಾಗಳು ದತ್ತಾಂಶದ ನಡುನಡುವೆ ಲೆಕ್ಕವನ್ನು ಸೊನ್ನೆಯಿಂದ ಮತ್ತೆ ತೊಡಗಿಸುವ ಗುರುತುಗಳನ್ನಿಡುತ್ತವೆ. ಅಂತಹ ಚಿತ್ರಗಳಲ್ಲಿ ಹಾನಿ ಮುಂದಿನ ಗುರುತಿನವರೆಗೆ ಮಾತ್ರ ಹರಡುತ್ತದೆ.

ಕಿರುಚಿತ್ರವನ್ನು ಹೊರತೆಗೆಯುವುದು

ಕಡತದ ಕೊನೆಯ ಭಾಗ ಹೋಗಿ ಆರಂಭ ಉಳಿದಿದ್ದರೆ ಎಕ್ಸಿಫ್ ಭಾಗದಲ್ಲಿರುವ ಕಿರುಚಿತ್ರವನ್ನಾದರೂ ಉಳಿಸಿಕೊಳ್ಳಬಹುದು. ಫಿಲ್ ಹಾರ್ವೆ ರಚಿಸಿದ ಎಕ್ಸಿಫ್‌ಟೂಲ್ ಇದಕ್ಕೆ ಸಾಕು. ಇದು ಬಹುತೇಕ 160 ಅಗಲ, 120 ಎತ್ತರದ ಬಿಂದುಗಳಷ್ಟು ಚಿಕ್ಕದು. ಶಾಸನದ ಅಕ್ಷರಗಳನ್ನು ಇದರಲ್ಲಿ ಓದಲಾಗದು. ಆದರೆ ಹಿರೇಬೆಣಕಲ್‌ನ ಯಾವ ಕಲ್ಮನೆಯನ್ನು ಯಾವ ದಿಕ್ಕಿನಿಂದ ತೆಗೆದದ್ದು ಎಂದು ತಿಳಿಯಲು, ಮತ್ತೆ ಹೋಗಿ ಅದನ್ನೇ ತೆಗೆಯಲು ಇಷ್ಟು ಸಾಲುತ್ತದೆ. ಅನೇಕ ಕ್ಯಾಮರಾಗಳು ಇದಲ್ಲದೆ ಪರದೆಯ ಅಳತೆಯ ಮುನ್ನೋಟ ಚಿತ್ರವೊಂದನ್ನೂ ಕಡತದಲ್ಲಿ ಅಡಗಿಸಿಡುತ್ತವೆ. ರಾ ಕಡತಗಳಲ್ಲಿ ಈ ಮುನ್ನೋಟ ಮುದ್ರಿಸಬಹುದಾದಷ್ಟು ದೊಡ್ಡದಿರುವುದುಂಟು.

ಪಿಎನ್‌ಜಿ ಮತ್ತು ಟಿಫ್

ಪಿಎನ್‌ಜಿ ಕಡತ 137, 80, 78, 71, 13, 10, 26, 10 ಎಂಬ ಎಂಟು ಬೈಟ್‌ಗಳಿಂದ ಆರಂಭವಾಗುತ್ತದೆ. ಸಾಗಣೆಯಲ್ಲಿ ಕಡತವನ್ನು ತಪ್ಪಾಗಿ ಪಠ್ಯವೆಂದು ತಿಳಿದು ಸಾಲು ಮುರಿಯುವ ಗುರುತುಗಳನ್ನು ಬದಲಿಸಿದ್ದರೆ ಅದು ಇಲ್ಲಿಯೇ ಬಯಲಾಗಲೆಂದು ಈ ಸಂಖ್ಯೆಗಳನ್ನು ಆರಿಸಲಾಗಿದೆ. ಇದರ ಪ್ರತಿಯೊಂದು ಖಂಡದ ಕೊನೆಗೂ ತಾಳೆಸಂಖ್ಯೆ ಇರುವುದರಿಂದ ಹಾನಿ ಯಾವ ಖಂಡದಲ್ಲಿದೆ ಎಂಬುದನ್ನು ಪಿಎನ್‌ಜಿಚೆಕ್ ತಂತ್ರಾಂಶ ನಿಖರವಾಗಿ ಹೇಳುತ್ತದೆ. ಆದರೆ ದತ್ತಾಂಶ ಒಂದೇ ಎಳೆಯಾಗಿ ಸಂಕುಚಿತವಾಗಿರುವುದರಿಂದ ಹಾನಿಯ ಮುಂದಿನ ಭಾಗ ಸಿಗುವುದು ಅಪರೂಪ.

ಹಸ್ತಪ್ರತಿ, ಹಳೆಯ ಪುಸ್ತಕಗಳ ಸ್ಕ್ಯಾನ್‌ಗಳಿಗೆ ಬಳಸುವ ಟಿಫ್‌ನಲ್ಲಿ ಚಿತ್ರದ ವಿವರಪಟ್ಟಿ ಕಡತದ ಆರಂಭದಲ್ಲಿಯೇ ಇರಬೇಕೆಂದಿಲ್ಲ, ಕೊನೆಯಲ್ಲಿಯೂ ಇರಬಹುದು. ಹಾಗಿದ್ದಾಗ ಬಾಲ ತುಂಡಾದರೂ ಇಡೀ ಕಡತ ತೆರೆಯುವುದಿಲ್ಲ. ಸಂಕುಚಿತವಲ್ಲದ ಟಿಫ್ ಆಗಿದ್ದು ಅಗಲ, ಎತ್ತರ ತಿಳಿದಿದ್ದರೆ ಗಿಂಪ್‌ನಲ್ಲಿ ಅದನ್ನು ಕಚ್ಚಾ ದತ್ತಾಂಶವೆಂದು ತೆರೆದು ಅಳತೆಗಳನ್ನು ಕೈಯಾರೆ ಕೊಟ್ಟು ಚಿತ್ರವನ್ನು ಕಾಣಬಹುದು.

ಪುನಾರಚನೆಯ ದಾಖಲೆ

ದುರಸ್ತಿಯ ಹೆಸರಿನಲ್ಲಿ ಮಾರಾಟವಾಗುವ ತಂತ್ರಾಂಶಗಳಲ್ಲಿ ಹೆಚ್ಚಿನವು ಮೇಲಿನ ಕಸಿಯನ್ನೇ ಸ್ವಯಂಚಾಲಿತವಾಗಿ ಮಾಡುತ್ತವೆ. ಫಲಿತಾಂಶವನ್ನು ಮೊದಲು ತೋರಿಸದವುಗಳಿಗೆ ಹಣ ಕೊಡಬೇಕಾಗಿಲ್ಲ. ಮನೆಯ ಚಿತ್ರಗಳನ್ನು ಅಪರಿಚಿತ ತಾಣಗಳಿಗೆ ಏರಿಸುವ ಮುನ್ನವೂ ಯೋಚಿಸಬೇಕು.

ಕೃತಕ ಬುದ್ಧಿಮತ್ತೆಯಿಂದ ಖಾಲಿ ಭಾಗವನ್ನು ತುಂಬಿಸುವ ಸಾಧನಗಳು ಈಚೆಗೆ ಬಂದಿವೆ. ಅವು ಸುತ್ತಲಿನ ಭಾಗವನ್ನು ನೋಡಿ ಅಲ್ಲಿ ಏನಿದ್ದೀತು ಎಂದು ಊಹಿಸಿ ಬಿಡಿಸುತ್ತವೆ. ಅದು ಚಿತ್ರರಚನೆ, ದುರಸ್ತಿಯಲ್ಲ. ಬೂದುಬಣ್ಣವಾದ ಆಕಾಶವನ್ನು ಹೀಗೆ ತುಂಬಿದರೆ ಹೆಚ್ಚಿನ ಬಾಧಕವಿಲ್ಲ. ಶಾಸನದ ಸಾಲನ್ನೋ ತೀರಿಕೊಂಡವರ ಮುಖವನ್ನೋ ತುಂಬಿದರೆ ಇಲ್ಲದ ಅಕ್ಷರ, ಇಲ್ಲದ ಮುಖ ಹುಟ್ಟಿಕೊಳ್ಳುತ್ತದೆ, ಮತ್ತು ಮುಂದೆ ನೋಡುವವರಿಗೆ ಅದು ತಿಳಿಯುವುದಿಲ್ಲ. ಶಾಸನತಜ್ಞರು ಅಳಿಸಿಹೋದ ಅಕ್ಷರಗಳನ್ನು ಸಮಾನ ಪಾಠದಿಂದ ತುಂಬಿದಾಗ ಅವನ್ನು ಚೌಕ ಆವರಣದೊಳಗೆ ಮುದ್ರಿಸುವ ರೂಢಿಯಿದೆ. ಚಿತ್ರಕಡತಕ್ಕೂ ಇದನ್ನು ಅನುಸರಿಸಬಹುದು. ದುರಸ್ತಿಯಾದ ಕಡತದ ಹೆಸರಿನಲ್ಲಿ ಅದನ್ನು ಸೂಚಿಸಿ, ಶಿರೋಭಾಗ ಯಾವ ಚಿತ್ರದಿಂದ ಬಂತು, ಎಕ್ಸಿಫ್ ದಿನಾಂಕ ಯಾರದ್ದು, ಯಾವ ಭಾಗ ಕಳೆದಿದೆ ಎಂಬುದನ್ನು ಚಿತ್ರದ ವಿವರಣೆಯಲ್ಲಿ ಬರೆಯಬೇಕು. ಕೆಟ್ಟ ಮೂಲ ಕಡತವನ್ನೂ ಅದರ ಜೊತೆಗೆ ಇಟ್ಟುಕೊಳ್ಳಬೇಕು. ಇಂದು ಸಿಗದ ದಾನಿ ಚಿತ್ರ ನಾಳೆ ಹಳೆಯ ಕಾರ್ಡೊಂದರಲ್ಲಿ ಸಿಕ್ಕರೆ ಕಸಿಯನ್ನು ಮತ್ತೆ ಮಾಡಲು ಬೇಕಾಗುವುದು ಆ ಮೂಲವೇ.